ಕೌದಿಯ ಹೊಟ್ಟೆ ತುಂಬಿಸಿದ್ದು

ಬೇರೆಯವರ ಹಾಗೆ ನಡೆಯುವುದು, ಕೆಮ್ಮುವುದು, ಸಿಟ್ಟಾಗುವುದು ನನಗೆ ಉಸಿರಾಡಿದಷ್ಟು ಸುಲಭ. ನನ್ನ ಅಂಗಿಗೆ ಒಂದು ಗುಂಡಿ ಹೊಲಿದುಕೊಳ್ಳುವುದು ಮಾತ್ರ ಇಪ್ಪತ್ತೆರಡು ವರ್ಷವಾದರೂ ಬಂದಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿ ಹೀಗೆ ಹೇಳಿಕೊಳ್ಳಲು ನಾಚಿಕೆಯಾಗಬೇಕು. ನಾಚುವವರ ನಕಲನ್ನು ಬೇಕಾದರೆ ಮಾಡಿ ತೋರಿಸುತ್ತೇನೆ. ಸಂಸ್ಥಾನದ ಮಾಮಲೇದಾರರು ಕೆಮ್ಮುವ ರೀತಿಯನ್ನು ರಬಕವಿಯ ಪೇಟೆಯ ನಡುವೆ ಮಾಡಿ ತೋರಿಸಿದವನು ನಾನು. ಅವರು ನನ್ನನ್ನು ಗಡಿಪಾರು ಮಾಡಲಿಲ್ಲ. ಮಾಡಿದವಳು ಬನಹಟ್ಟಿಯ ಗಂಗವ್ವ, ನನ್ನ ಅಕ್ಕನ ಅತ್ತೆ.

ಗಂಗವ್ವನಿಗೆ ಒಂದು ಚಾಳಿ. ಯಾವ ಬಟ್ಟೆ ಕೈಗೆ ಸಿಕ್ಕರೂ ಎರಡು ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಹೂಂ... ನೂಲು ಸುಳ್ಳ ಹೇಳಾಕತ್ತೈತಿ" ಅನ್ನುತ್ತಾಳೆ. ಹೋದ ಪಂಚಮಿಗೆ ಅಕ್ಕನನ್ನು ಕರೆತರಲು ಹೋದವನು, ಹಿತ್ತಲಲ್ಲಿ ಓಣಿಯ ಹುಡುಗರ ಮುಂದೆ ಇದನ್ನೇ ಮಾಡಿದೆ. ಹುಡುಗರು ಮೊದಲು ನಕ್ಕರು, ಆಮೇಲೆ ಒಮ್ಮೆಲೇ ಸುಮ್ಮನಾದರು. ಹಿಂದಿರುಗಿ ನೋಡಿದರೆ ಗಂಗವ್ವ, ನನಗೆಂದು ತಂದ ಶೇಂಗಾ ಉಂಡಿಯ ತಾಟು ಹಿಡಿದು ನಿಂತಿದ್ದಳು. "ಇನ್ನ ಮ್ಯಾಲೆ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದಳು. ಉಂಡಿಯೂ ಒಳಗೆ ಹೋಯಿತು, ಅಕ್ಕನೂ ಒಳಗೇ ಉಳಿದಳು. ಅಂದಿನಿಂದ ಒಂದು ವರ್ಷ ಅಕ್ಕನ ಮುಖ ಕಂಡಿಲ್ಲ. ಚಿಕ್ಕಂದಿನಲ್ಲಿ ನನ್ನ ನಕಲಿಗೆ ಮೊಟ್ಟಮೊದಲು ನಕ್ಕು, ನನಗೆ ಈ ಚಾಳಿ ಹತ್ತಿಸಿದವಳು ಅವಳೇ.

ಈಗ ಅಕ್ಕನಿಗೆ ಎರಡನೆಯ ಕೂಸು. ತೊಟ್ಟಿಲಿಗೆ ಹಾಕುವ ದಿನ ನಾನು ಬರಬಹುದೇ ಎಂದು ಅವ್ವ ಹೇಳಿಕಳಿಸಿದರೆ ಗಂಗವ್ವನಿಂದ ಉತ್ತರ ಬಂತು: "ಬರೂದಿದ್ರ ಬಾಯಿ ಮನ್ಯಾಗ ಇಟ್ಟ ಬರ್ಲಿ. ಕೂಸಿಗೆ ತನ್ನ ಕೈಲೆ ಏನರ ಮಾಡಿ ತರ್ಲಿ. ನೋಡಿ ಒಳಗ ಕರೀತೀನಿ."

ಅವ್ವ ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸೂಜಿ ಕೊಟ್ಟು, "ಕೌದಿ ಹೊಲಿ" ಎಂದಳು. ಅಣ್ಣನ ಮಕ್ಕಳು ನೆರವಿಗೆ ಬಂದರು. ಆರು ವರ್ಷದ ಗುಂಡ್ಯಾ ಸೂಜಿಗೆ ದಾರ ಪೋಣಿಸುವವನು, ಹತ್ತರ ಚಂಪಿ ನನ್ನನ್ನು ಬೈಯುವವಳು. "ಕಾಕಾ, ಇದು ಟಾಕಾ ಏನು, ಓತಿಕ್ಯಾತ ಓಡಿದ್ದೇನು?" ಎಂದು ಅವಳು ಬಿಚ್ಚಿಸಿದ ಹೊಲಿಗೆಯ ದಾರದಲ್ಲಿ ಇನ್ನೊಂದು ಕೌದಿ ಆಗುತ್ತಿತ್ತು. ಒಂದು ಮಧ್ಯಾಹ್ನ ನಾನು ಎದ್ದು ನಿಂತರೆ ಕೌದಿಯೂ ಎದ್ದು ನಿಂತಿತು. ನನ್ನ ಧೋತರವನ್ನೂ ಸೇರಿಸಿ ಹೊಲಿದಿದ್ದೆ. ಚಂಪಿ ಹಣೆ ಬಡಿದುಕೊಂಡ ರೀತಿ ಥೇಟ್ ಅವ್ವನದು. ನಕಲು ಮಾಡುವುದು ನಮ್ಮ ಮನೆತನದ ರೋಗ.

ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಹೋಳಿಗೆಯ ಚೂರೊಂದನ್ನು ಇಡುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಅವ್ವ ಉಗುರಿನಷ್ಟು ಚೂರು ಮುರಿದುಕೊಟ್ಟು ಒಲೆಯ ಕಡೆ ಹೋದಳು. ಗುಂಡ್ಯಾ ಅದನ್ನೇ ನೋಡಿದ. "ಒಂದ ಮೂಲಿ ಉಣ್ಣೂದು, ಮೂರು ಮೂಲಿ ನೋಡ್ಕೋತ ಕುಂದ್ರೂದು? ಪಾಪ ಅಲ್ಲೇನ ಕಾಕಾ?"

ಮಾಮಲೇದಾರರ ಕಚೇರಿಯಲ್ಲೂ ಇಂಥ ನ್ಯಾಯ ಸಿಗಲಾರದು. ನಾನು ಕರಗಿಹೋದೆ. ಮುಚ್ಚಿದ್ದ ಮೂರು ಮೂಲೆಗಳನ್ನೂ ಬಿಚ್ಚಿದೆವು. ಬಿಚ್ಚುವುದರಲ್ಲಿ ನನ್ನ ಕೈ ಬಹಳ ಚುರುಕು. ಮೂಲೆಗೆ ಅರ್ಧರ್ಧ ಹೋಳಿಗೆ ಇಟ್ಟೆವು. ಕೂಸಿನ ಕೌದಿಯಲ್ಲವೇ ಎಂದು ಚಂಪಿ ಮೇಲೊಂದು ಬೆಲ್ಲದ ಹರಳೂ ಸೇರಿಸಿದಳು.

ತೊಟ್ಟಿಲ ದಿನ ನಾನು ಗಂಗವ್ವನ ಹೊಸ್ತಿಲಾಚೆ ಕಟ್ಟೆಯ ಮೇಲೆ ನಿಂತೆ. ಮಕ್ಕಳು ಕೌದಿ ಒಳಗೊಯ್ದರು. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಗಂಗವ್ವ ಕೌದಿಯ ಮೂಲೆಯನ್ನು ಎರಡು ಬೆರಳಲ್ಲಿ ತಿಕ್ಕಿದಳು, ಮೂಗಿಗೆ ಹಿಡಿದಳು, ಒಂದು ಕಣ್ಣು ಮುಚ್ಚಿದಳು.

"ಕಾಕಾ!" ಗುಂಡ್ಯಾ ಸಂತೋಷದಿಂದ ಕೂಗಿದ. "ಅಜ್ಜಿ ಥೇಟ್ ನೀ ಮಾಡಿದಂಗ ಮಾಡಾಕತ್ತಾಳ!"

ನಾನು ಕಟ್ಟೆಯ ಕಂಬದ ಹಿಂದೆ ಸರಿದೆ. ಕಂಬ ನನಗಿಂತ ತೆಳ್ಳಗಿತ್ತು. ಅಷ್ಟರಲ್ಲಿ ಗಂಗವ್ವನ ಮಣಿಕಟ್ಟಿನ ಮೇಲೆ ಒಂದು ಇರುವೆ ಹತ್ತಿತು. ಅದರ ಹಿಂದೆ ಅದರ ಇಡೀ ಬಳಗ. "ನೂಲು ಸುಳ್ಳ ಹೇಳವಲ್ದು," ಎಂದಳು ಆಕೆ ನಿಧಾನವಾಗಿ, "ಆದ್ರ ಇರಿವಿ ಖರೇನ ಹೇಳಾಕತ್ತಾವು. ಕತ್ರಿ ತರ್ರಿ."

ನಾಲ್ಕೂ ಮೂಲೆ ಕತ್ತರಿಸಿ ಕೊಡವಿದರೆ ಊಟದ ಪಂಕ್ತಿಯೇ ಹೊರಬಿತ್ತು. ಚಂಪಿ ಅಳುಮುಖ ಮಾಡಿ, "ಯಾವ ಮೂಲಿನೂ ಉಪಾಸ ಇರಬಾರ್ದಂತ್ರಿ ಅಜ್ಜಿ" ಎಂದಳು. ಗಂಗವ್ವ ಒಮ್ಮೆ ಹೋಳಿಗೆ ನೋಡಿದಳು, ಒಮ್ಮೆ ಕಂಬದ ಎರಡೂ ಬದಿಗೆ ಕಾಣುತ್ತಿದ್ದ ನನ್ನನ್ನು.

"ಲೇ, ಕಂಬದ ಹಿಂದಿನಾಂವ! ಬಿಚ್ಚೀನಿ, ಹೊಲಿಯಾವ್ರು ಯಾರು? ಒಳಗ ಬಾ."

ಹೊಸ್ತಿಲು ದಾಟಿದೆ. ಅಕ್ಕ ತುಟಿ ಕಚ್ಚಿಕೊಂಡು ಸೂಜಿದಾರ ಕೊಟ್ಟಳು. ಯಾರ ಮುಖವನ್ನೂ ನೋಡುವ ಧೈರ್ಯವಿಲ್ಲದೆ ಅರ್ಧ ಮುಖ ಗೋಡೆಗೆ ತಿರುಗಿಸಿ ಕುಳಿತು ಹೊಲಿಯತೊಡಗಿದೆ. ಹಿಂದಿನಿಂದ ನಗು ಎದ್ದಿತು. ಮೊದಲು ಮಕ್ಕಳದು, ಆಮೇಲೆ ಎಲ್ಲರಿಗಿಂತ ಜೋರಾಗಿ, ವರ್ಷದ ನಂತರ ಕೇಳಿದ ಅಕ್ಕನ ನಗು. ತಿರುಗಿ ನೋಡಿದೆ. ಗಂಗವ್ವ ತೊಟ್ಟಿಲ ಪಕ್ಕ ಕುಳಿತು, ಇಲ್ಲದ ಸೂಜಿಯನ್ನು ಮೊಳದುದ್ದ ಎಳೆಯುತ್ತ, ಬೆರಳು ಚುಚ್ಚಿಸಿಕೊಂಡು ಊದುತ್ತ, ಮೆಳ್ಳಗಣ್ಣು ಮಾಡಿ, ನಾಲಗೆಯನ್ನು ಬಲಗಡೆಗೆ ಹೊರಚಾಚಿದ್ದಳು.

ನಾನೆಲ್ಲಿ ಹಾಗೆ ನಾಲಗೆ ಚಾಚುತ್ತೇನೆ ಎಂದು ಜಗಳ ತೆಗೆಯಹೊರಟೆ. ಮಾತು ಹೊರಡಲಿಲ್ಲ, ನಾಲಗೆ ಆಗಲೇ ಬಲಗಡೆಗೆ ಹೊರಗಿತ್ತು.