ಪ್ರಮೋದಾಳ ಕಡೆಯ ಬುಷ್

ಇನ್ನು ಮುಂದೆ ನನ್ನ ಕಾರಿನ ಹೊಟ್ಟೆಗೆ ಪರಪುರುಷರ ಕೈ ಹಾಕಿಸುವುದಿಲ್ಲ ಎಂದು ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ನಮ್ಮ ಮನೆಯಂಗಳದಲ್ಲಿ ನಿಂತು ಶಪಥ ಮಾಡಿದೆ! ಕಾರಣ ಮೆಕ್ಯಾನಿಕ್ ಮುನಿರಾಜ್. "ಈ ವಯಸ್ಸಲ್ಲಿ ಬುಷ್ ಯಾಕೆ ಸಾರ್, ಗುಜರಿಗೆ ಹಾಕ್ಬಿಡಿ" ಎಂದಿದ್ದ. ವಯಸ್ಸು ಯಾರದು ಎಂದು ಅವನು ಹೇಳಲಿಲ್ಲ. ನನಗೆ ಉರಿದುಹೋಯಿತು.

ಬುಷ್ ಎಂದರೆ ಮುಂದಿನ ಚಕ್ರ ಹಿಡಿದುಕೊಳ್ಳುವ ಕಬ್ಬಿಣದ ತೋಳಿನ ಬುಡದಲ್ಲಿರುವ ರಬ್ಬರ್ ಬಳೆ. ಅದು ಸವೆದರೆ ಹಳ್ಳ ಸಿಕ್ಕಾಗಲೆಲ್ಲ ಕಾರು ಲೊಟಕ್ ಎನ್ನುತ್ತದೆ. ಹೊಸ ಬುಷ್ ಒಂದು ಜೋಡಿ ತಂದಿಟ್ಟುಕೊಂಡಿದ್ದೆ. ತಿಂಗಳಿಂದ ಹೇಳುತ್ತಿದ್ದ ಹೆಂಡತಿ ಪ್ರಮೋದಾ ಅಂದು ಮತ್ತೆ ಹೇಳಿದಳು.

"ನನ್ ಕಡೆ ಲೊಟಲೊಟ ಅಂತಿದೆ ಕಣ್ರೀ. ನಾಳೆ ಅಮ್ಮನ್ನ ಕರ್ಕೊಂಡ್ ಬರ್ಬೇಕು. ಯಾರಿಗಾದ್ರೂ ತೋರ್ಸಿ."

"ನಾನಿಲ್ವಾ?"

"ಅದೇ ಭಯ."

ಅಮ್ಮ ಎಂದರೆ ತ್ಯಾಮಗೊಂಡ್ಲುವಿನಲ್ಲಿರುವ ನಮ್ಮತ್ತೆ ಮುತ್ಯಾಲಮ್ಮ. ಸೋಮವಾರ ಬೆಳಿಗ್ಗೆ ನಮ್ಮೂರ ಆಸ್ಪತ್ರೆಯಲ್ಲಿ ಅವರ ಕಣ್ಣಿನ ಪೊರೆ ತೆಗೆಯಬೇಕಿತ್ತು. ಆಪರೇಷನ್ ಮಾಡುವ ಡಾಕ್ಟರು ಬರುವುದು ವಾರಕ್ಕೊಮ್ಮೆ, ತಡವಾದವರಿಗೆ ಅವರು ಕಾಯುವುದಿಲ್ಲ.

ಕಾರಿಗೆ ಜಾಕಿ ಕೊಟ್ಟು, ಎಡಗಡೆಯ ಚಕ್ರ ಕಳಚಿ, ತೋಳು ಇಳಿಸಿದೆ. ಹಳೇ ಬುಷ್ ಜಪ್ಪಯ್ಯ ಅಂದರೂ ಕದಲಲಿಲ್ಲ. ಗರಗಸದಲ್ಲಿ ಕೊಯ್ದು ಕಿತ್ತೆ. ಸೋಪಿನ ನೀರು ಸವರಿ ಹೊಸದನ್ನು ಹಿಂಡಿ ಕೂರಿಸುವಷ್ಟರಲ್ಲಿ ಕೈ ತರಚಿ, ಸೊಂಟ ಹಿಡಿದು, ಸಾಯಂಕಾಲವೂ ಆಯಿತು. ಅವಳನ್ನೇ ಓಡಿಸಲು ಕೂರಿಸಿ, ಪಕ್ಕದ ಸೀಟಿನಲ್ಲಿ ದಿಗ್ವಿಜಯ ಮುಗಿಸಿ ಬಂದ ಸಾಮ್ರಾಟನಂತೆ ಕುಳಿತೆ. ಬೀದಿ ಕೊನೆಯ ಹಂಪಿನಲ್ಲಿ ಕಾರು ಲೊಟಕ್ ಎಂದಿತು.

"ಬೆಳಿಗ್ಗೆಯಿಂದ ಏನ್ ಮಾಡಿದ್ರಿ?"

"ನಿನ್ ಕಡೇದೇ ಹಾಕ್ದೆ. ಇಗೋ, ಈ ಕಡೆ" ಎಂದು ನನ್ನ ಕಾಲ ಕೆಳಗೆ ತೋರಿಸಿದೆ.

ಅವಳು ಕಾರು ನಿಲ್ಲಿಸಿದಳು. "ದಿನಾ ಬಾಶೆಟ್ಟಿಹಳ್ಳಿ ಫ್ಯಾಕ್ಟ್ರಿಗೆ ಗಾಡಿ ಓಡಿಸ್ಕೊಂಡ್ ಹೋಗೋಳು ನಾನು. ನಾನ್ ಕೂರೋದು ಯಾವ್ ಕಡೆ?"

ಹೆಂಡತಿಯ ಕಡೆ ಎಂದರೆ ನನ್ನ ತಲೆಯಲ್ಲಿ ಎಡಗಡೆ. ಮದುವೆ ದಿನ ಪುರೋಹಿತರು ಕೂರಿಸಿದ ಜಾಗದಲ್ಲೇ ಅವಳನ್ನು ಬಿಟ್ಟುಬಿಟ್ಟಿದ್ದೆ. ಗಟ್ಟಿಮುಟ್ಟಾಗಿದ್ದ ಬುಷ್ಷನ್ನು ಕೊಯ್ದು ಎಸೆದಿದ್ದೆ, ಸವೆದದ್ದು ಬಲಗಡೆ ಹಾಯಾಗಿತ್ತು.

"ನಾಳೆ ಹಿಂಗೇ ಲೊಟಲೊಟ ಅನ್ನಿಸ್ಕೊಂಡೇ ಹೋಗ್ಬರ್ತೀನಿ. ಇನ್ ಮುಟ್ಬೇಡಿ."

ಮುಟ್ಟಿದೆ. ಅವಳು ಅಡುಗೆಮನೆಗೆ ಹೋದದ್ದೇ ತಡ, ಬಲಗಡೆಗೆ ಸ್ಪ್ಯಾನರ್ ಹಾಕಿದೆ. ತುಕ್ಕು ತಿಂದಿದ್ದ ಬೋಲ್ಟು ಲಟಕ್ಕನೆ ಮುರಿದು ಕಾರು ಅಂಗಳದಲ್ಲೇ ಕೂತಿತು. ಪ್ರಮೋದಾ ಹೊರಗೆ ಬಂದು, ಮುರಿದ ಬೋಲ್ಟನ್ನೂ ನನ್ನನ್ನೂ ನೋಡಿ, ಒಳಗೆ ಹೋಗಿ ಬೆಳಗಿನ ಬಸ್ಸಿಗೆ ಚೀಲ ಸಿದ್ಧ ಮಾಡಿಕೊಂಡಳು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಬೆಳಿಗ್ಗೆ ನಾನು ಟ್ಯಾಕ್ಸಿ ಎನ್ನುವಷ್ಟರಲ್ಲಿ ಅವಳು ಗೇಟು ದಾಟಿ ಬಸ್‌ಸ್ಟ್ಯಾಂಡಿಗೆ ಹೊರಟಿದ್ದಳು. ಬಸ್ಸು ಬದಲಿಸಿ ಅತ್ತೆಯನ್ನು ಕರೆತಂದಾಗ ಡಾಕ್ಟರು ಹೊರಟುಹೋಗಿದ್ದರು. ಮುಂದಿನ ವಾರ ಬನ್ನಿ ಎಂದರಂತೆ ಆಸ್ಪತ್ರೆಯವರು. ಸುದ್ದಿ ತಿಳಿದು ಕಾರಿನ ಕೆಳಗಿಂದ ಎದ್ದು, ಮೈಯೆಲ್ಲ ಗ್ರೀಸಿನಲ್ಲೇ ಆಸ್ಪತ್ರೆಗೆ ಓಡಿದೆ. ಬೆಂಚಿನ ಮೇಲೆ ಕೈ ಕಟ್ಟಿ ಕುಳಿತಿದ್ದ ಅತ್ತೆಯನ್ನು ನೋಡಿ ನಿಜಕ್ಕೂ ನಾಚಿಕೆಯಾಯಿತು. ಅವರು ಮುಖ ಹತ್ತಿರ ತಂದು ನನ್ನನ್ನು ದಿಟ್ಟಿಸಿದರು.

"ಯಾರಮ್ಮ ಇದು, ಮೆಕ್ಯಾನಿಕ್ಕಾ?"

ನನ್ನನ್ನು ಹಾಗೆ ಕರೆದವರು ಲೋಕದಲ್ಲಿ ಅವರೊಬ್ಬರೇ. ಆ ನಾಚಿಕೆಯಲ್ಲೂ ಎದೆ ಒಂದಿಷ್ಟು ಉಬ್ಬಿತು.

ಪ್ರಮೋದಾ ಅಮ್ಮನ ಕಣ್ಣೊರೆಸಿದಳು. "ಕಣ್ಣು ಇಷ್ಟೊಂದ್ ಹೋಗಿದೆ ಅಂತ ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"