ಮಾವನ ಹೆಬ್ಬೆರಳು, ನನ್ನ ಲಿನಕ್ಸ್

ನಮ್ಮ ಕುಟುಂಬದಲ್ಲಿ ಡಿಗ್ರಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. "ಅದೆಲ್ಲ ನಮಗೆ ಹೇಳಿದ್ದಲ್ಲ ಮಗಾ, ಬೀಡಿ ಕಟ್ಟು" ಎಂದಿದ್ದರು. ನಾನು ಬೀಡಿಯನ್ನೂ ಕಟ್ಟಿದೆ, ಬಿ.ಎಸ್ಸಿ.ಯನ್ನೂ ಮುಗಿಸಿದೆ, ಒಂದು ಪೇಪರನ್ನು ಎರಡು ಸಲ ಬರೆದು. ಆ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ, ಹೊಸಂಗಡಿಯಲ್ಲಿರುವ ನನ್ನ ಆನ್‌ಲೈನ್ ಸೇವೆಯ ಅಂಗಡಿಯಲ್ಲಿ ಬಂದವರ ಕಣ್ಣಿಗೆ ಬೀಳುವಂತೆ ನೇತುಹಾಕಿದ್ದೇನೆ. ದೇವರ ಪಟ ಅದಕ್ಕಿಂತ ಸ್ವಲ್ಪ ಕೆಳಗಿದೆ.

ಓದಿದವರ ದೋಷವೆಂದರೆ, ನಡೆಯುತ್ತಿರುವುದನ್ನು ಅದರಷ್ಟಕ್ಕೆ ನಡೆಯಲು ಬಿಡುವುದಿಲ್ಲ. ನನ್ನ ಕಂಪ್ಯೂಟರ್ ನಿಧಾನವಾಗಿತ್ತು, ಆದರೆ ನಡೆಯುತ್ತಿತ್ತು. ನಮ್ಮ ಕಡೆಯ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವುದೇ ವಿಂಡೋಸಿನ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್‌ನಲ್ಲಿ. ನನಗೇನು ಹೆದರಿಕೆ ಎಂದು ವಿಂಡೋಸ್ ಇದ್ದ ಹಳೆಯ ಡಿಸ್ಕನ್ನು ಬಿಚ್ಚಿ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಹೊಸ ಡಿಸ್ಕಿಗೆ ಲಿನಕ್ಸ್ ತುಂಬಿದೆ. ಅದು ವೈಫೈಯನ್ನು ಗುರುತಿಸಲಿಲ್ಲ. ಫೋನಿಗೆ ವಯರು ಸಿಕ್ಕಿಸಿ ಇಂಟರ್ನೆಟ್ ತಂದೆ. ಪ್ರಿಂಟರ್ ಅರ್ಧ ದಿನ ಮುನಿಸಿಕೊಂಡು ಆಮೇಲೆ ಒಪ್ಪಿತು. ಬೆರಳಿನ ಗೆರೆ ನೋಡಿ ಜನರ ಗುರುತು ಹಿಡಿಯುವ, ಹೆಬ್ಬೆರಳು ಒತ್ತುವ ಯಂತ್ರ ಮಾತ್ರ ಒಪ್ಪಲಿಲ್ಲ. ಅದನ್ನು ಕಂಪ್ಯೂಟರಿಗೆ ಪರಿಚಯಿಸಿಕೊಡುವ ಡ್ರೈವರ್ ಇದ್ದದ್ದು ವಿಂಡೋಸಿಗೆ ಮಾತ್ರ.

ಸರಿಯಾಗಿ ಆಗಲೇ ಮಾವ ಬಂದರು. "ನಾನು ಬದುಕಿದ್ದೇನೆ ಅಂತ ಒಂದು ಕಾಗದ ಮಾಡಿಕೊಡು. ಶನಿವಾರ ಕಡೇ ದಿನ ಅಂತೆ. ಇಲ್ಲದಿದ್ರೆ ಪೆನ್ಶನ್ ನಿಲ್ತದಂತೆ."

ಆ ಕಾಗದಕ್ಕೆ ಹೆಬ್ಬೆರಳಿನ ಗುರುತು ಬೇಕು. ಅವರು ಒತ್ತಿದರು. ಯಂತ್ರದ ದೀಪ ಉರಿಯಲಿಲ್ಲ. ಮತ್ತೊಮ್ಮೆ ಒತ್ತಿದರು.

"ಎಂತ, ಆಗುದಿಲ್ವಾ ನಿನ್ನಿಂದ?" ಎಂದು ಗೋಡೆಯಲ್ಲಿದ್ದ ಡಿಗ್ರಿಯ ಕಟ್ಟಿನ ಕಡೆ ಕಣ್ಣು ಹಾಯಿಸಿದರು. ಆ ನೋಟವೊಂದು ಇಲ್ಲದಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಏನೋ.

"ಯಂತ್ರದ್ದು ಎಂತದೂ ತೊಂದರೆ ಇಲ್ಲ ಮಾವ. ನಿಮ್ಮ ಬೆರಳಲ್ಲೇ ಗೆರೆ ಇಲ್ಲ. ಸಿಮೆಂಟು ತಿಂದಿದೆ."

ಜೀವಮಾನವಿಡೀ ಗಾರೆ ಕೆಲಸ ಮಾಡಿದವರು, ನಂಬಿದರು. ಬೆರಳನ್ನು ಟ್ಯೂಬ್‌ಲೈಟಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಹೌದಾ? ಹಾಗಾದ್ರೆ ಎಂತ ಮಾಡುದು?"

"ತೆಂಗಿನೆಣ್ಣೆ ಹಚ್ಚಿ ಎರಡು ದಿನ ಬಿಟ್ಟು ಬನ್ನಿ" ಎಂದೆ. ಎರಡು ದಿನ ಬೇಕಾಗಿದ್ದದ್ದು ನನಗೆ.

ಆ ಎರಡು ದಿನ ಇಂಟರ್ನೆಟ್ಟನ್ನೆಲ್ಲ ಜಾಲಾಡಿದೆ. ಇದೇ ಯಂತ್ರದ ಬಗ್ಗೆ ಯಾರೋ ಹಿಂದೆ ಇದೇ ಪ್ರಶ್ನೆ ಕೇಳಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ. ಶನಿವಾರ ಬೆಳಿಗ್ಗೆ ಬಿಸ್ಕತ್ತಿನ ಡಬ್ಬಿ ತೆರೆದು, ಹಳೆಯ ಡಿಸ್ಕನ್ನೇ ಮರಳಿ ಸಿಕ್ಕಿಸಿದೆ.

ಮಾವ ಎರಡೂ ಕೈಗೆ ತಾವು ಉಡುವ ಹಳೆಯ ಮುಂಡಿನ ಬಟ್ಟೆ ಸುತ್ತಿಕೊಂಡು ಬಂದರು. ಜೊತೆಗೆ ಅತ್ತೆ. "ಎರಡು ದಿನದಿಂದ ಒಂದು ಕಡ್ಡಿ ಎತ್ತಿಡ್ಲಿಲ್ಲ ಇವರು. ಎಣ್ಣೆ ಹೋಗ್ತದೆ ಅಂತ. ಊಟ ಕೂಡ ನಾನೇ ಬಾಯಿಗೆ ಕೊಟ್ಟದ್ದು" ಎಂದರು ಅತ್ತೆ. ನಾನು ಮಾವನ ಕೈಯ ಬಟ್ಟೆ ಬಿಚ್ಚಿ ಎಣ್ಣೆ ಒರೆಸಿದೆ. ಮೆತ್ತಗಾದ ಆ ಬೆರಳಲ್ಲಿ ಗೆರೆಗಳು ಮೊದಲೂ ಇದ್ದವು, ಈಗಲೂ ಇದ್ದವು. ಒಂದೇ ಒತ್ತಿಗೆ ಹಸಿರು ದೀಪ ಬಂತು.

ಸರ್ಟಿಫಿಕೇಟ್ ಮುದ್ರಿಸಿ ಅವರ ಕೈಗೆ ಕೊಟ್ಟೆ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಕಾಗದವನ್ನು ಜೋಪಾನವಾಗಿ ಮಡಚಿ ಕಿಸೆಗೆ ಹಾಕಿ, ನನ್ನ ಡಿಗ್ರಿಯ ಕಟ್ಟನ್ನೊಮ್ಮೆ ನೋಡಿ, ತುಂಬ ಸಮಾಧಾನದಿಂದ ಹೇಳಿದರು:

"ಓದಿದ್ದು ಒಂದೇ ಸಾಕಾಗುದಿಲ್ಲ ಮಗಾ. ತೆಂಗಿನೆಣ್ಣೆಯೂ ಬೇಕು."