ಏಳನೆಯ ಕಾರ್ಡಿನ ಬೆನ್ನು

ಮೊದಲಿಗೆ ಓದುಗರಲ್ಲಿ ಒಂದು ಕ್ಷಮಾಯಾಚನೆ. ಈ ಬರಹದಲ್ಲಿ ಹಿಂದೆ ಹೇಳಬೇಕಾದದ್ದು ಮುಂದೆ, ಮುಂದೆ ಹೇಳಬೇಕಾದದ್ದು ಹಿಂದೆ ಬಂದಿದ್ದರೆ ದಯವಿಟ್ಟು ಮನ್ನಿಸಬೇಕು. ಕ್ರಮ ತಪ್ಪುವುದು ನನ್ನ ದೌರ್ಬಲ್ಯವೆಂದು ನೈರೋಬಿಯ ಒಂದು ಶಾಲೆಯ ಆರನೆಯ ತರಗತಿಗೆ ಈಗಾಗಲೇ ಗೊತ್ತಾಗಿದೆ. ನಿಮ್ಮಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಮೊದಲಿಗರಿಗೆ ಒಂದು ವಿಚಿತ್ರ ಭಯವಿರುತ್ತದೆ. ಒಂದು ತಪ್ಪು ಮಾಡಿದರೂ ವಿಶ್ವವಿದ್ಯಾಲಯದವರು ಮನೆಗೇ ಬಂದು, "ಎಲ್ಲೋ ಏನೋ ಎಡವಟ್ಟಾಗಿದೆ, ಪ್ರಮಾಣಪತ್ರ ಇತ್ತ ಕೊಡಿ" ಎಂದು ಕೇಳುತ್ತಾರೆಂಬ ಭಯ. ಆದ್ದರಿಂದ ನಾನು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಬರೆದು, ತಿದ್ದಿ, ಆಮೇಲೆ ಬಾಯಿ ತೆರೆಯುವವಳು. ಮಟಾಟು ವ್ಯಾನಿನ ಕಂಡಕ್ಟರನಿಗೆ ಇಳಿಯುವ ಸ್ಥಳವನ್ನು ಶುದ್ಧವಾಗಿ ಹೇಳಿ ಮುಗಿಸುವಷ್ಟರಲ್ಲಿ ವ್ಯಾನು ಎರಡು ನಿಲ್ದಾಣ ದಾಟಿರುತ್ತದೆ. ನನ್ನ ಮಾತನ್ನಷ್ಟೇ ತಿದ್ದಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಮಗಳು ಮೇಘಾಳ ಕನ್ನಡವನ್ನೂ ತಿದ್ದುತ್ತಿದ್ದೆ. "ಅಮ್ಮಾ, ಬಸ್ಸು ಬಂದಳು" ಎಂದು ಅವಳು ಕೂಗಿದರೆ, ಬಸ್ಸನ್ನು ಹಿಡಿಯುವ ಮೊದಲು ಅವಳ ತಪ್ಪನ್ನು ಹಿಡಿಯುತ್ತಿದ್ದೆ. ಕೆಲವೇ ವರ್ಷಗಳಲ್ಲಿ ಅವಳು ಸುರಕ್ಷಿತವಾದ ಇಂಗ್ಲಿಷಿಗೆ ದಾಟಿಬಿಟ್ಟಳು.

ನಾನು ಆ ಶಾಲೆಯಲ್ಲಿ ತಾತ್ಕಾಲಿಕ ಭೂಗೋಳ ಶಿಕ್ಷಕಿಯಾಗಿದ್ದೆ. ಮುಖ್ಯೋಪಾಧ್ಯಾಯಿನಿ ಮಿಸೆಸ್ ಮುಥೋನಿ ನನ್ನ ಒಂದು ಪಾಠವನ್ನು ನೋಡಿ ಮೆಚ್ಚಿದರೆ ಕೆಲಸ ಖಾಯಂ; ಖಾಯಂ ಆದರೆ ಮಾತ್ರ, ಶಿಕ್ಷಕರ ಮಕ್ಕಳಿಗೆಂದು ಇಟ್ಟ ಸೀಟಿನಲ್ಲಿ ಓದುತ್ತಿದ್ದ ಮೇಘಾ ಅಲ್ಲಿಯೇ ಉಳಿಯಬಹುದು. ಇಲ್ಲವಾದರೆ ಇಬ್ಬರೂ ಒಟ್ಟಿಗೆ ಗೇಟಿನ ಹೊರಗೆ. ಅವರು ಆರಿಸಿದ ಪಾಠ ಹವಾಮಾನ ಬದಲಾವಣೆ; ಅದನ್ನೂ ಉಪನ್ಯಾಸವಾಗಿ ಅಲ್ಲ, ಗುಂಪು ಕಾರ್ಯಾಗಾರವಾಗಿ ನಡೆಸಬೇಕು. ಇಪ್ಪತ್ತು ಚಿತ್ರದ ಕಾರ್ಡುಗಳು. ಪೆಟ್ರೋಲು ಉರಿಸುವುದು, ಕಾಡು ಕಡಿಯುವುದು, ಭೂಮಿ ಬಿಸಿಯಾಗುವುದು, ಹೀಗೆ. ಮಕ್ಕಳು ಚರ್ಚಿಸಿ, ಯಾವುದರಿಂದ ಯಾವುದಾಯಿತೆಂದು ಸಾಲಾಗಿ ಜೋಡಿಸಬೇಕು. ಶಿಕ್ಷಕಿ ಉತ್ತರ ಹೇಳಕೂಡದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ನನಗೆ ದಿಗಿಲಾಯಿತು. ಉತ್ತರ ಹೇಳದಿದ್ದರೆ, ನನಗೆ ಉತ್ತರ ಗೊತ್ತಿದೆಯೆಂದು ಜನರಿಗೆ ತಿಳಿಯುವುದಾದರೂ ಹೇಗೆ?

ನನ್ನ ಅಪ್ಪ ದಾವಣಗೆರೆಯಲ್ಲಿ ದರ್ಜಿಯಾಗಿದ್ದರು. ಬಟ್ಟೆಯ ಒಳಮೈಗೆ ಸೀಮೆಸುಣ್ಣದಿಂದ ಗುರುತು ಹಾಕದೆ ಕತ್ತರಿ ಎತ್ತಿದವರಲ್ಲ. ಹೊಲಿದ ಮೇಲೆ ಗುರುತನ್ನು ಒಂದು ಎಳೆಯೂ ಉಳಿಯದಂತೆ ಒರೆಸುತ್ತಿದ್ದರು. ಆ ವಿದ್ಯೆಯ ಮೊದಲರ್ಧವನ್ನಷ್ಟೇ ನಾನು ಕಲಿತೆನೆಂದು ಕಾಣುತ್ತದೆ. ಭಾನುವಾರ ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಹರಡಿ, ಪ್ರತಿಯೊಂದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಸರಿಯಾದ ಕ್ರಮಸಂಖ್ಯೆ ಬರೆದು ಅಭ್ಯಾಸ ಮಾಡಿದೆ. ಅಷ್ಟರಲ್ಲಿ ನನ್ನ ಯಜಮಾನರು ಪ್ರಕಾಶ್, "ಇಲ್ಲಿ ಪ್ರಳಯ ಮುಗಿದಿದ್ದರೆ ಊಟ ಮಾಡೋಣವೇ?" ಎನ್ನುತ್ತ ಸಾರಿನ ಪಾತ್ರೆ ತಂದಿಟ್ಟರು. ಹಿಮನದಿಯ ಮೇಲೆ ಸಾರು ಚೆಲ್ಲಿತು. ಅದನ್ನು ಒರೆಸುವ ಗಡಿಬಿಡಿಯಲ್ಲಿ ಸಂಖ್ಯೆಗಳನ್ನು ಅಳಿಸುವುದು ಮರೆತುಹೋಯಿತು.

ಪರೀಕ್ಷೆಯ ದಿನ ಆರನೆಯ ತರಗತಿಯ ಹನ್ನೆರಡು ಮಕ್ಕಳು, ಅವರಲ್ಲಿ ಮೇಘಾಳೂ ಒಬ್ಬಳು, ಮೂಲೆಯ ಕುರ್ಚಿಯಲ್ಲಿ ಮಿಸೆಸ್ ಮುಥೋನಿ. ಕಾರ್ಡಿನ ವಿವರಣೆ ಇರುವುದೇ ಅದರ ಬೆನ್ನಿನಲ್ಲಿ, ಓದಬೇಕಾದವರು ತಿರುಗಿಸಲೇಬೇಕು. ಒಟಿಯೆನೊ ಎಂಬ ಚುರುಕು ಹುಡುಗ ತಿರುಗಿಸಿದ. "ನಂಬರ್ ಇದೆ ಕಣ್ರೋ!" ಐದು ನಿಮಿಷದಲ್ಲಿ ಭೂಮಿಯ ಸಮಸ್ತ ಸಂಕಟವೂ ಒಂದರಿಂದ ಇಪ್ಪತ್ತರವರೆಗೆ ಸಾಲಾಗಿ ಮಲಗಿತು. ಚರ್ಚೆಯೆಂಬುದೇ ಇಲ್ಲ. ಮಿಸೆಸ್ ಮುಥೋನಿ ಗಡಿಯಾರ ನೋಡಿಕೊಂಡರು. ನಾನು ಬೆನ್ನ ಹಿಂದೆ ನನ್ನ ಕೈಯನ್ನು ನಾನೇ ಹಿಸುಕಿಕೊಂಡೆ.

ಆಗ ಮೇಘಾ ತಲೆಯೆತ್ತಿದಳು. ಅಷ್ಟು ಜನರ ನಡುವೆ, ಎಷ್ಟೋ ವರ್ಷಗಳ ನಂತರ, ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ಅಮ್ಮಾ, ಏಳು ಎಂಟು ಉಲ್ಟಾ ಇದ್ದಾನೆ. ನೀನು ನೆರೆ ಮೊದಲು, ಮಳೆ ಆಮೇಲೆ ಬರೆದಿದ್ದೀಯ. ನಾನು ಹೇಳಲಾ, ಸುಮ್ಮನೆ ಇರಲಾ?"

ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ನನ್ನ ನಾಲಗೆಯ ತುದಿಗೆ ಮೊದಲು ಬಂದದ್ದು "ಇದ್ದಾನೆ ಅಲ್ಲ, ಇದೆ" ಎಂಬ ತಿದ್ದುಪಡಿಯೇ. ಆಮೇಲೆ ಹೊಳೆಯಿತು. ಆ ಕೋಣೆಯಲ್ಲಿ ಬೇರೆ ಯಾರಿಗೂ ತಿಳಿಯದ ಭಾಷೆಯಲ್ಲಿ, ಮಗು ನನ್ನ ಮಾನವನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಏನು ಮಾಡಲಿ ಎಂದು ನನ್ನನ್ನೇ ಕೇಳುತ್ತಿದೆ. ಸುಮ್ಮನಿರು ಎಂದಿದ್ದರೆ ಸುಮ್ಮನಿರುತ್ತಿದ್ದಳು.

"ಹೇಳು" ಎಂದೆ.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಒಟಿಯೆನೊ ಎದ್ದು ನಿಂತ. "ಮ್ವಾಲಿಮು ಬರೆದದ್ದು ಹೇಗೆ ತಪ್ಪಾಗುತ್ತದೆ?" ಮ್ವಾಲಿಮು ಎಂದರೆ ಟೀಚರು, ಅಂದರೆ ನಾನು. ಹನ್ನೆರಡು ಮುಖಗಳು ನನ್ನತ್ತ ತಿರುಗಿದವು. ಮೂಲೆಯ ಹದಿಮೂರನೆಯದೂ ತಿರುಗಿತು. ಈ ಸಲ ವಾಕ್ಯವನ್ನು ಮನಸ್ಸಿನಲ್ಲಿ ಬರೆದುಕೊಳ್ಳಲು ಪುರುಸೊತ್ತಿರಲಿಲ್ಲ. "ತಪ್ಪಾಗಿದೆ. ನಂಬರು ಬರೆದವಳೂ ನಾನೇ, ಅಳಿಸಲು ಮರೆತವಳೂ ನಾನೇ. ಎಲ್ಲವನ್ನೂ ಅಳಿಸಿ, ಕಲಸಿ, ನೀವೇ ಜೋಡಿಸಿ" ಎಂದುಬಿಟ್ಟೆ. ಅಪ್ಪನ ವಿದ್ಯೆಯ ಉಳಿದರ್ಧವನ್ನು ಹನ್ನೆರಡು ರಬ್ಬರುಗಳು ಪೂರೈಸಿದವು.

ಮುಂದಿನದು ತರಗತಿಯಲ್ಲ, ಸಂತೆ. "ನಮ್ಮಲ್ಲಿ ಸಣ್ಣ ಮಳೆಗೂ ನೀರು ಒಳಗೆ ಬಂತು, ಚರಂಡಿ ಕಟ್ಟಿಕೊಂಡಿತ್ತು. ಚರಂಡಿಯ ಕಾರ್ಡು ಎಲ್ಲಿ?" ಎಂದು ಕಸರಾನಿ ಬಡಾವಣೆಯ ಹುಡುಗಿ ಅಕಿನ್ಯಿ ಕೇಳಿದಳು. ಒಟಿಯೆನೊ, "ಅದು ಹವಾಮಾನವಲ್ಲ, ನಿಮ್ಮ ಓಣಿಯವರ ಕಸ" ಎಂದ. "ನಿಮ್ಮ ಓಣಿಯದೇ ತೇಲಿ ಬಂದದ್ದು!" ಎಂದಳು ಅವಳು. ಕೊನೆಗೆ ಮೇಘಾ ರಟ್ಟು ಕತ್ತರಿಸಿ ಚರಂಡಿಯ ಕಾರ್ಡನ್ನು ತಾನೇ ಬರೆದಳು. ಮಳೆಯಿಂದೊಂದು, ಚರಂಡಿಯಿಂದೊಂದು, ನೆರೆಗೆ ಎರಡು ಬಾಣ. ಇದು ನನ್ನ ಇಪ್ಪತ್ತು ಸಂಖ್ಯೆಗಳಲ್ಲಿ ಎಲ್ಲಿಯೂ ಇರಲಿಲ್ಲ.

ಗಂಟೆ ಹೊಡೆದ ಮೇಲೆ ಮಿಸೆಸ್ ಮುಥೋನಿ ಹತ್ತಿರ ಬಂದರು. "ಮೊದಲ ಐದು ನಿಮಿಷಕ್ಕೆ ನಿಮ್ಮನ್ನು ಮನೆಗೆ ಕಳಿಸೋಣವೆಂದುಕೊಂಡಿದ್ದೆ. ಆಮೇಲೆ ನನಗೇ ಒಂದು ಕಾರ್ಡು ಬರೆಯುವ ಆಸೆಯಾಯಿತು. ಅದಿರಲಿ, ಮಗಳು ನಿಮ್ಮ ಭಾಷೆಯಲ್ಲಿ ಏನು ಹೇಳಿದಳು?"

"ನನ್ನ ತಪ್ಪನ್ನು ಹೇಳಲು ಅಪ್ಪಣೆ ಕೇಳಿದಳು."

"ಅದೃಷ್ಟವಂತರು. ನಮ್ಮ ಮನೆಯಲ್ಲಿ ಅಪ್ಪಣೆ ಕೇಳುವುದಿಲ್ಲ."

ನಾನು "ಅಸಾಂಟೆ" ಎಂದೆ. ಅಷ್ಟು ದೊಡ್ಡ ಋಣಕ್ಕೆ ಒಂದೇ ಒಂದು ಧನ್ಯವಾದ, ತಿದ್ದಿಕೊಳ್ಳದೆ ಆಡಿದ್ದು.

ಕೆಲಸ ಖಾಯಂ ಆಯಿತು. ಮೇಘಾ ಅದೇ ಶಾಲೆಯಲ್ಲಿದ್ದಾಳೆ. ಮನೆಯಲ್ಲಿ ಈಗ ಅವಳು ಕನ್ನಡದಲ್ಲಿ ಮಾತನಾಡುತ್ತಾಳೆ. ಸಾರು ಬರುತ್ತಾನೆ, ಬಸ್ಸು ಬರುತ್ತಾಳೆ, ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳುತ್ತೇನೆ. ನನ್ನ ತಪ್ಪುಗಳನ್ನು ಮಾತ್ರ ಅಪ್ಪ ಮಗಳು ಇಬ್ಬರೂ ತಿದ್ದುತ್ತಾರೆ. ಅಪ್ಪಣೆ ಕೇಳುವ ಪದ್ಧತಿ ನಿಂತುಹೋಗಿದೆ.